ಮೊಗಲಾಯಿಯ ಬಾವಿ

ಆಗ ನಮಗೆ ಪರದೇಶವೆಂದರೆ ತುಂಗಭದ್ರೆಯ ಆಚೆ ದಡ. ಈಚೆ ಕಂಪ್ಲಿ, ಮದ್ರಾಸು ಸರಕಾರ. ಆಚೆ ಮೊಗಲಾಯಿ, ನಿಜಾಮನ ರಾಜ್ಯ. ಈಗ ಸೇತುವೆಯ ಮೇಲೆ ಬಸ್ಸು ಓಡುತ್ತದೆ, ಯಾರಿಗೂ ದಾಟಿದ್ದೇ ತಿಳಿಯುವುದಿಲ್ಲ. ಅಂದು ನಾನು ಹರಿಗೋಲು ಹತ್ತುವಾಗ ನಮ್ಮವ್ವ ಜಂಬಮ್ಮ ರೊಟ್ಟಿ ಗಂಟು ಕೈಗಿಟ್ಟು ಸಮುದ್ರ ದಾಟುವ ಮಗನಿಗೆ ಅಳುವಂತೆ ಅತ್ತಳು. ನೆನೆದರೆ ನಗು ಬರುತ್ತದೆ, ಕಣ್ಣೂ ತುಂಬುತ್ತದೆ.

ನಮ್ಮದು ಕಂಪ್ಲಿಯ ತರುಣ ಸಂಘ. ಖಾದಿ ಟೊಪ್ಪಿಗೆ, ಹೊಸ ಸಲಿಕೆ, ಲೋಕವನ್ನೇ ತಿದ್ದುವ ಉಮೇದು. ಆಚೆಯ ಹಳ್ಳಿಯೊಂದರ ಬಾವಿಯ ಹೂಳೆತ್ತುವುದು ನಮ್ಮ ಕೆಲಸ. ಊರವರು ಕಟ್ಟೆಯ ಮೇಲೆ ಕುಳಿತು ನಮ್ಮನ್ನು ಬಯಲಾಟ ನೋಡುವಂತೆ ನೋಡಿದರು. ಅವರಲ್ಲಿ ಮೊದಲಿಗ ಗೌಡ ಎರ್ರಿಯಪ್ಪ. ಯಾರ ಕೆಲಸ ಒಂದಿಷ್ಟು ಓರೆಯಾದರೂ ಆತನಿಗೆ ತಡೆಯದು. "ಹಂಗಲ್ಲಲೇ, ಹಿಂಗ!" ಎಂದು ಕುಳಿತಲ್ಲಿಂದಲೇ ಕೂಗುವನು, ಕೆಳಗಿಳಿದು ಒಂದು ಬುಟ್ಟಿ ಮುಟ್ಟಿದವನಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ದುರುಗವ್ವ ಎಂಬಾಕೆ ಮಾತ್ರ ನಾವು ತೆಗೆದ ಹೂಳನ್ನು ಹೊತ್ತೊಯ್ದು ತನ್ನ ತುಂಡು ಹೊಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅವಳ ಕೇರಿಯವರು ಬಾವಿಯನ್ನು ಮುಟ್ಟುವಂತಿರಲಿಲ್ಲ. ಕೊಡವಿಟ್ಟು ದೂರ ನಿಂತರೆ, ಯಾರಾದರೂ ಮನಸ್ಸು ಬಂದಾಗ ನೀರು ಸುರಿಯುವರು. ನಾವು ಎಷ್ಟು ಹೂಳೆತ್ತಿದರೂ ಅವಳಿಗೆ ಕಾಯುವುದು ತಪ್ಪದು. ನಮ್ಮ ಗೆಳೆಯ ಅಂದಾನಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ, ಅವಳೇಕೆ ಸೇದಬಾರದೆಂದು ಗೌಡನನ್ನು ಕೇಳಿಯೇಬಿಟ್ಟ.

"ನೀವು ಹೂಳ ತೆಗೀರಿ. ಊರು ನಾವು ನೋಡ್ಕೋತೀವಿ" ಎಂದು ಗೌಡ ಅವನ ಬಾಯಿ ಮುಚ್ಚಿಸಿದ.

ಕೆಲಸ ಮುಗಿದ ಸಂಜೆ ಅಂದಾನಪ್ಪ ಬಾವಿಯಿಂದ ಮೇಲೆ ಬಂದವನೇ ಎದೆ ಮುಟ್ಟಿಕೊಂಡು ನಿಂತ. ಕೊರಳ ಶಿವದಾರ ಹರಿದಿತ್ತು. ಲಿಂಗವಿದ್ದ ಬೆಳ್ಳಿ ಕರಡಿಗೆ ಇರಲಿಲ್ಲ. ಲಿಂಗ ಕಳೆದರೆ ಸಿಗುವವರೆಗೆ ನಮ್ಮವರಿಗೆ ಅನ್ನವಿಲ್ಲ, ನೀರಿಲ್ಲ. ನಾನು ಲಿಂಗ ಕಟ್ಟುವ ಜಂಗಮರ ಮನೆಯವನು. "ನಡಿಯಪ್ಪ, ಕಂಪ್ಲಿಗೆ ಹೋಗಿ ಹೊಸಾದು ಕಟ್ಟಿಸೋಣು" ಎಂದೆ.

"ತೊಟ್ಟಿಲದಾಗ ಕಟ್ಟಿದ್ದು, ಕೊಟ್ರಯ್ಯ. ಬಿಟ್ಟು ಬರಂಗಿಲ್ಲ" ಎಂದು ಬೇವಿನ ಬುಡದಲ್ಲಿ ಕುಳಿತ.

ಕಡು ಬೇಸಿಗೆ. ಮರುದಿನ ಅವನ ತುಟಿ ಒಡೆದಿತ್ತು, ಮಾತು ತೊದಲುತ್ತಿತ್ತು. ನನ್ನ ಜೀವ ಬಾಯಿಗೆ ಬಂತು. ಪರದೇಶದ ಹುಡುಗ ತಮ್ಮೂರಲ್ಲಿ ನೀರಿಲ್ಲದೆ ಸತ್ತರೆ ಗತಿಯೇನೆಂದು ಕಟ್ಟೆಯವರೂ ದಡಬಡ ಎದ್ದು ಹೂಳಿನ ಗುಡ್ಡೆಯನ್ನೆಲ್ಲ ಜಾಲಾಡಿದರು. ಬಾವಿಯಲ್ಲಿ ಆಗಲೇ ಸೆಲೆಯೊಡೆದು ನೀರು ಏರಿತ್ತು.

ಮಧ್ಯಾಹ್ನ ದುರುಗವ್ವ ಹೊಲದಿಂದ ಓಡಿಬಂದಳು. ಅವಳ ಮೊರದಲ್ಲೊಂದು ಮಣ್ಣಿನ ಹೆಂಟೆ, ಅದರಲ್ಲಿ ಕರಡಿಗೆ. ದೂರವೇ ನಿಂತು, "ನಾ ಮುಟ್ಟಿಲ್ರಿ, ನೀವ ತಗೋರ್ರಿ" ಎಂದಳು.

ಅಂದಾನಪ್ಪ ಎರಡೂ ಕೈ ಚಾಚಿದ. "ನಿನ್ನ ಕೈಲೇ ಕೊಡವ್ವ."

ಅವಳು ಹೆಂಟೆಯೊಡೆದು ಕರಡಿಗೆ ತೆಗೆದು ಕೊಟ್ಟಳು. ನಾನು ಶಿವದಾರಕ್ಕೆ ಗಂಟು ಹಾಕಿ ಅವನ ಕೊರಳಿಗೆ ಕಟ್ಟಿದೆ. ಗೌಡ ತಂಬಿಗೆಯಲ್ಲಿ ನೀರು ಹಿಡಿದು ಬಂದ. ಅಂದಾನಪ್ಪ ತಲೆಯಾಡಿಸಿದ.

"ಈ ಬಾವ್ಯಾಗಿಂದು, ಆಕಿ ಸೇದಿದ ನೀರು ಕುಡೀತೀನ್ರಿ."

ಗೌಡ ಅವನ ಒಡೆದ ತುಟಿಯನ್ನೇ ನೋಡಿದ. ಆಮೇಲೆ ಕೊಡ, ಹಗ್ಗ ಎರಡನ್ನೂ ದುರುಗವ್ವನತ್ತ ತಳ್ಳಿ, ಮುಖ ತಿರುಗಿಸಿ ನಿಂತ.

ಹುಟ್ಟಿದಾಗಿನಿಂದ ಬಾವಿಗೆ ಕೊಡವಿಳಿಸಿದವಳಲ್ಲ ಪಾಪ. ಕೊಡ ಗೋಡೆಗೆ ಢಣಢಣ ಬಡಿಯಿತು. ನೀರಿಗೆ ಬಿದ್ದರೂ ಮುಳುಗಲೊಲ್ಲದು, ತೇಲುತ್ತಲೇ ಇತ್ತು. ಅವಳು ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಆ ಸದ್ದಿಗೆ ಗೌಡ ನಿಂತಲ್ಲೇ ಚಡಪಡಿಸತೊಡಗಿದ.

ಕಡೆಗೂ ತಡೆಯಲಾಗಲಿಲ್ಲ. "ಹಂಗಲ್ಲಬೇ, ಹಿಂಗ!" ಎಂದು ಗರಕ್ಕನೆ ತಿರುಗಿ, ಅವಳ ಕೈಯ ಪಕ್ಕದಲ್ಲೇ ಹಗ್ಗ ಹಿಡಿದು ಜಗ್ಗಿದ. ಕೊಡ ಮುಳುಗಿತು. ಇಬ್ಬರೂ ಸೇರಿ ಎಳೆದರು. ಕೊಡ ಮೇಲೆ ಬಂದಾಗಲೇ ಆತನಿಗೆ ತಾನು ಮಾಡಿದ್ದು ತಿಳಿದದ್ದು. ಊರೆಲ್ಲ ಆತನನ್ನೇ ನೋಡುತ್ತಿತ್ತು.

ಆತ ಹಗ್ಗ ಬಿಡಲಿಲ್ಲ. ಕೊಡದ ನೀರನ್ನು ಅಂದಾನಪ್ಪನ ಬೊಗಸೆಗೆ ಸುರಿದು, ಬರಿಗೊಡವನ್ನು ದುರುಗವ್ವನ ಕೈಗೇ ಕೊಟ್ಟ.

"ಇನ್ನೊಮ್ಮೆ ಇಳಿಸು. ನಾಳೆಯಿಂದ ಯಾರು ಸೇದಿಕೊಡ್ತಾರ ನಿನಗ?"