ಅಕ್ಕನ ಪಾಸ್‌ಪೋರ್ಟಿಗೆ ಜಾಮೀನು

೧೯೫೮ರ ನವೆಂಬರಿನಲ್ಲಿ ಭಾವನ ಕಾಗದ ಬಂತು. ಅವರು ಮಲಯಾದ ರಬ್ಬರ್ ತೋಟವೊಂದರಲ್ಲಿ ಗುಮಾಸ್ತರು. ಮನೆ ಸಿಕ್ಕಿದೆ, ದಮಯಂತಿಯನ್ನು ಕಳಿಸಿಕೊಡಿ ಎಂದು ಬರೆದಿದ್ದರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವರಿಬ್ಬರು ಒಟ್ಟಿಗಿದ್ದದ್ದು ಎರಡೇ ತಿಂಗಳು. ಅಕ್ಕ ಅಂದೇ ಪೆಟ್ಟಿಗೆ ಒರೆಸಿಟ್ಟಳು.

ಆದರೆ ಪಾಸ್‌ಪೋರ್ಟಿಗೆ ಜಾಮೀನು ಬೇಕಿತ್ತು. ಅಲ್ಲಿ ಅವಳು ಕೈಬರಿದಾಗಿ ನಿಂತರೆ ಊರಿಗೆ ಕರೆಸುವ ಖರ್ಚು ನನ್ನದು ಎಂದು, ಸ್ವಂತ ಹೆಸರಿನಲ್ಲಿ ಜಾಗ ಇರುವ ಸಂಬಂಧಿಕರೊಬ್ಬರು ಸಹಿ ಹಾಕಬೇಕು. ಅವರು ಆಸ್ತಿವಂತರು ಹೌದೆಂದು ಪುತ್ತೂರಿನ ತಹಶೀಲ್ದಾರರು ಮುದ್ರೆ ಒತ್ತಬೇಕು.

ಅಪ್ಪ ತೀರಿಹೋಗಿದ್ದರು. ಆಲೆಟ್ಟಿಯ ನಮ್ಮ ಜಾಗ ದೊಡ್ಡಪ್ಪಂದಿರೊಂದಿಗೆ ಇನ್ನೂ ಪಾಲಾಗಿರಲಿಲ್ಲ. ಸ್ವಂತ ಜಾಗದ ಹತ್ತಿರದವರೆಂದರೆ ಕೋಡಿಂಬಾಳದ ಬೋಜಪ್ಪ ಮಾವ ಒಬ್ಬರೇ, ಅವ್ವನ ಅಣ್ಣ. ಅಕ್ಕ ತೊಟ್ಟಿಲಲ್ಲಿದ್ದಾಗಲೇ ಅವಳು ತಮ್ಮ ಮಗ ತೀರ್ಥರಾಮನಿಗೆ ಎಂದು ಹೇಳಿಟ್ಟವರು. ಅಪ್ಪ ಆ ಮಾತು ಮೀರಿ, ಓದಿದವನೆಂದು ರಾಧಾಕೃಷ್ಣ ಭಾವನಿಗೆ ಕೊಟ್ಟರು. ಮಾವ ಮದುವೆಗೆ ಬರಲಿಲ್ಲ. ಅಪ್ಪನ ಉತ್ತರಕ್ರಿಯೆಯ ಬೊಜ್ಜದ ದಿನ ಬಂದವರು ಊಟಕ್ಕೆ ಕೂರದೆ ಹೋದರು.

"ನನಗೆ ಅಲ್ಲಿಗೆ ಹೋಗುವ ಮುಖ ಇಲ್ಲ" ಎಂದಳು ಅವ್ವ. "ಫಾರ್ಮು ಇಂಗ್ಲಿಷಿನಲ್ಲಿ ಉಂಟು. ಹರಿಣಾಕ್ಷಿ, ಬಿ.ಎ. ಮಾಡಿದವಳು ನೀನೇ ಹೋಗಿ ಓದಿ ಹೇಳು."

ನಾಲ್ಕು ಜನರ ಮುಂದೆ ಬಾಯಿ ತೆರೆಯದ ನಾನು ಎರಡು ಬಸ್ಸು ಬದಲಾಯಿಸಿ, ಉಳಿದದ್ದು ನಡೆದು, ಮಧ್ಯಾಹ್ನದ ಹೊತ್ತಿಗೆ ಮಾವನ ಜಗಲಿ ಮುಟ್ಟಿದೆ. ಸೇವಂತಿ ಅತ್ತೆ ಬೆಲ್ಲ, ನೀರು ತಂದಿಟ್ಟರು. ಮಾತನ್ನೂ ತಂದಿಟ್ಟರು.

"ಹೆಣ್ಣು ಕೊಡುವಾಗ ಕೋಡಿಂಬಾಳ ದೂರ ಇತ್ತು. ಈಗ ಹತ್ತಿರ ಆಯ್ತಾ?"

"ಅವಳು ನೀರು ಕುಡಿಯಲಿ ಮಾರಾಯ್ತಿ" ಎಂದರು ಮಾವ.

ನಾನು ಕುಡಿದೆ. ಫಾರ್ಮನ್ನು ಮಾವನ ಮುಂದೆ ಹಿಡಿದೆ.

"ಎಂತ ಇದು? ಮಂಗಳೂರಿನ ಕಾಲೇಜಿನಲ್ಲಿ ಮಾತಾಡದೆ ಇರುದನ್ನು ಕಲಿಸ್ತಾರಾ?" ಎಂದರು ಮಾವ.

ಓದಿದೆ. ಒಂದೊಂದೇ ಸಾಲು, ಮೊದಲು ಇಂಗ್ಲಿಷು, ಆಮೇಲೆ ನಮ್ಮ ಮಾತು. ಏನನ್ನೂ ಮುಚ್ಚಲಿಲ್ಲ.

"ಎಷ್ಟು ವರ್ಷದವರೆಗೆ ಇದು?"

"ವರ್ಷ ಹಾಕಿಲ್ಲ ಮಾವ."

"ನಾನು ಖರ್ಚು ಕೊಡದಿದ್ದರೆ?"

"ಜಾಗದ ಮೇಲೆ ವಸೂಲು ಮಾಡಬಹುದು."

ಅತ್ತೆ ಎದ್ದು ಒಳಗೆ ಹೋದರು. ಮಾವ ಅಂಗಳದಾಚೆಯ ಗದ್ದೆಯ ಕಡೆ ನೋಡಿದರು.

"ನನಗೆ ಅರುವತ್ತೈದು ಆಯ್ತು. ಈ ಜಾಗ ನಾಳೆ ತೀರ್ಥರಾಮನದ್ದು. ಅವನು ಬೇಡ ಅಂದರೆ ನನ್ನ ಸೈ ಇಲ್ಲ. ಗದ್ದೆಯಲ್ಲಿದ್ದಾನೆ, ನೀನೇ ಹೋಗಿ ಕೇಳು."

ಅಕ್ಕ ಸಿಗದ ಮೇಲೆ ಇನ್ನೂ ಮದುವೆಯಾಗದವನು ಅವನು. ಅವಳು ಗಂಡನ ಹತ್ತಿರ ಹೋಗುವುದಕ್ಕಾಗಿ ನಿನ್ನ ಜಾಗವನ್ನು ಒಡ್ಡು ಎಂದು ಅವನನ್ನು ಕೇಳಬೇಕಿತ್ತು.

ಗದ್ದೆಯ ಅಂಚಿನ ಹುಣಿಗೆ ಕೆಸರು ಮೆತ್ತುತ್ತಿದ್ದ. ಮತ್ತೊಮ್ಮೆ ಓದಿದೆ, ನನ್ನ ದನಿ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಅವನು ಕಾಗದಕ್ಕೆ ತಾಗದ ಹಾಗೆ ಕೆಸರು ಕೈಗಳನ್ನು ದೂರ ಹಿಡಿದು, ಕೊನೆಯವರೆಗೂ ಕೇಳಿದ.

"ದಮಯಂತಿಯ ಹೆಸರು ಮಾತ್ರ ಉಂಟಾ ಇದರಲ್ಲಿ?"

"ಹೌದು. ಅರ್ಜಿ ಅವಳದ್ದು."

"ರಾಧಾಕೃಷ್ಣನಿಗೆ ಕೆಲಸ ಹೋದರೆ? ಸೀಕಿಗೆ ಬಿದ್ದರೆ? ಅವನನ್ನು ಅಲ್ಲಿ ಬಿಟ್ಟು ಹಡಗು ಹತ್ತುವವಳಾ ಅವಳು?"

ಇಲ್ಲವೆಂದು ತಲೆಯಾಡಿಸಿದೆ.

"ಹಾಗಾದರೆ ಅವನನ್ನೂ ಸೇರಿಸು. ಮಕ್ಕಳಾದರೆ ಮಕ್ಕಳನ್ನೂ. ಇಲ್ಲದಿದ್ದರೆ ಈ ಜಾಮೀನು ಇದ್ದು ಎಂತ ಉಪಯೋಗ?"

"ಅದಕ್ಕೆ ಕಾಲಂ ಇಲ್ಲ."

"ಬದಿಯಲ್ಲಿ ಬರಿ. ಬಿ.ಎ. ಅಲ್ವಾ ನೀನು?"

ಅಷ್ಟು ಹೇಳಿ ಬಗ್ಗಿ ಮತ್ತೆ ಕೆಸರು ತೆಗೆದ. ಅವನು ಅದನ್ನು ಯೋಚಿಸಿ ಕೂಡ ಹೇಳಿರಲಿಲ್ಲ. ಬಾಯಾರಿದವರಿಗೆ ನೀರು ಎಲ್ಲಿದೆಯೆಂದು ತೋರಿಸಿದಂತೆ ಹೇಳಿದ್ದ. ಆ ಹುಣಿಯ ಮೇಲೆ ಚಪ್ಪಲಿ ಮೆಟ್ಟಿ ನಿಂತದ್ದೇ ತಪ್ಪೆನಿಸಿತು ನನಗೆ. ಕಳಚಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ನಡೆದೆ. ಜಗಲಿಯಲ್ಲಿ ಕೂತು ಫಾರ್ಮಿನ ಬದಿಯಲ್ಲಿ ಎರಡು ಸಾಲು ಬರೆದೆ. ಮಾವ ಅದನ್ನೂ ಓದಿಸಿ ಕೇಳಿ, ಸಹಿ ಹಾಕಿದರು.

ಸೋಮವಾರ ಮಾವ, ತೀರ್ಥರಾಮ, ನಾನು ಮೂವರೂ ಪುತ್ತೂರಿನ ತಾಲೂಕು ಕಚೇರಿಯಲ್ಲಿದ್ದೆವು. ತೀರ್ಥರಾಮ ಒಳಗೆ ಬಾರದೆ ಹೊರಗೆ ಕಂಬದ ಹತ್ತಿರ ನಿಂತ.

"ಇದೆಂತ ಬದಿಯಲ್ಲಿ? ಗಂಡ, ಹುಟ್ಟದ ಮಕ್ಕಳು?" ಗುಮಾಸ್ತರು ಕನ್ನಡಕ ಏರಿಸಿದರು. "ಇದನ್ನು ನಿಮ್ಮತ್ರ ಯಾರು ಕೇಳಿದ್ದು ಮಾರಾಯ್ರೆ? ನಾಳೆ ನಿಮ್ಮ ತಲೆಗೇ ಬರುದು. ಹೊಡೆದು ಹಾಕ್ತೇನೆ."

"ಹಾಗಾದರೆ ನನ್ನ ಸೈಯನ್ನೂ ಹೊಡೆದು ಹಾಕಿ" ಎಂದರು ಮಾವ.

ಗುಮಾಸ್ತರು ಫಾರ್ಮು ಹಿಡಿದು ಒಳಗೆ ಹೋದರು. ನನ್ನ ಎರಡು ಸಾಲಿನಿಂದಲೇ ಅಕ್ಕನ ಅರ್ಜಿ ಕೆಟ್ಟುಹೋದರೆ ಎಂದು ನಾನು ಸೆರಗಿನ ತುದಿ ಹಿಂಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ತಹಶೀಲ್ದಾರರೇ ಬಾಗಿಲಿಗೆ ಬಂದು ಮಾವನನ್ನು ನೋಡಿದರು.

"ಗೊತ್ತಿದ್ದೇ ಬರೆಸಿದ್ದಾ ಇದನ್ನು?"

"ಗೊತ್ತಿದ್ದೇ."

ಅವರು ಒಳಗೆ ತಿರುಗಿದರು. ಮುದ್ರೆ ಬಿತ್ತು.

ನಾನು ಫಾರ್ಮನ್ನು ತೀರ್ಥರಾಮನಿಗೆ ತೋರಿಸಿದೆ. ಅವನು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಇನ್ನು ಹೋಗಬಹುದಲ್ಲ ಅವಳು?"

"ಹೋಗಬಹುದು."

"ಸರಿ. ನೀನು ಬೆಳಗ್ಗಿನಿಂದ ಎಂತದೂ ತಿನ್ನಲಿಲ್ಲ" ಎಂದು ಹೋಟೆಲಿನ ಕಡೆ ಹೊರಟ. ಮಾವ ಕೊಡೆ ಊರುತ್ತ ಅವನ ಹಿಂದೆ ನಡೆದರು. ಮಸಿ ಇನ್ನೂ ಹಸಿಯಿದ್ದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನಾನು ಅವರ ಹಿಂದೆ.