ಬ್ಯಾರನ್ನಿಗೆ ಹಾಕಿದ ಗಿಟಾರು

ಮನೆ ಅಳಿಯನಾಗಿ ಬಂದವನಿಗೆ ಬಾಯಿಗೆ ಬಂದಂತೆ ಬೈಯುವ ಮಾವ ಸಿಕ್ಕಿದರೆ ಅದೂ ಒಂದು ಸುಖ. ಜಗಳವಾಡಿ ಎದ್ದು ಹೋಗಬಹುದು. ಗೌರೀಶನಿಗೆ ಆ ಭಾಗ್ಯವೂ ಇರಲಿಲ್ಲ. ಅವನ ಮಾವ ಹನಗೋಡಿನ ಚನ್ನಬಸವಣ್ಣ ಅಷ್ಟು ಒಳ್ಳೆಯ ಮನುಷ್ಯ. ಅಳಿಯ ಊಟಕ್ಕೆ ಕೂರದೆ ತಾನು ಕೂರುತ್ತಿರಲಿಲ್ಲ, ಅಳಿಯ ಎರಡು ಸಲ ಕೆಮ್ಮಿದರೆ ಹುಣಸೂರಿನ ಡಾಕ್ಟರ ಹತ್ತಿರ ಕಾರು ಓಡಿಸುತ್ತಿದ್ದ. ಒಬ್ಬಳೇ ಮಗಳು ಉಷಾರಾಣಿ; ಈ ಮನೆ, ಈ ಹೊಗೆಸೊಪ್ಪಿನ ಹೊಲ ಎಲ್ಲ ನಿಮ್ಮದೇ ಅಂತ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಹಾಗೆ ಹೇಳಿದಾಗಲೆಲ್ಲ ಗೌರೀಶನಿಗೆ ಯಾರೋ ಹೊರಗಿನಿಂದ ಚಿಲಕ ಹಾಕಿದಂತಾಗುತ್ತಿತ್ತು.

ಆ ಮನೆಯಲ್ಲಿ ಅವನದು ಅಂತ ಇದ್ದದ್ದು ಗಿಟಾರು ಮಾತ್ರ. ಮೈಸೂರಿನಲ್ಲಿ ಪಾಠ ಹೇಳಿದ ಮೂರ್ತಿ ಮೇಷ್ಟ್ರು ಸಾಯುವ ಮುಂಚೆ ಕೊಟ್ಟದ್ದು, ಅರವತ್ತು ವರ್ಷ ದಾಟಿದ ಮಾಲು. ಕರೆಂಟಿನ ಗಿಟಾರೇ, ಆದರೆ ಈಗಿನವುಗಳ ಹಾಗೆ ಗಟ್ಟಿ ಹಲಗೆಯದಲ್ಲ. ಹೊಟ್ಟೆ ಪೂರ್ತಿ ಟೊಳ್ಳು, ಎದೆಯ ಮೇಲೆ ಪಿಟೀಲಿಗಿರುವಂಥ ಎರಡು ಬಳುಕು ಸೀಳು. ವೈರು ಚುಚ್ಚದೆ ನುಡಿಸಿದರೂ ಕೋಣೆಗೆ ಸಾಕಾಗುತ್ತಿತ್ತು. ಚುಚ್ಚಿದರೆ ದನಿ ದುಂಡಗೆ, ಬೆಚ್ಚಗೆ ಬರುತ್ತಿತ್ತು. ವಾಲ್ಯೂಮ್ ಜಾಸ್ತಿ ಕೊಟ್ಟರೆ ಊಳಿಡುತ್ತಿತ್ತು, ಅದು ಆ ಜಾತಿಯ ಗುಣ. ತೆಳ್ಳನೆ ಮರ, ಹಳೇ ಕಾಲದ ಸರೇಸಿನ ಅಂಟು, ಅಂದಿನದೇ ವಾರ್ನಿಷ್, ಒಂದು ತಿರುಪೂ ಬದಲಾಗಿಲ್ಲ. ಇಂಥವಕ್ಕೆ ಬೆಲೆ ಬರುವುದೇ ಯಾರೂ ಕೈ ಹಾಕದೆ ಉಳಿದಿದ್ದಕ್ಕೆ.

ಮೈಸೂರಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ತೆರೆದಿದ್ದ ಶರತ್ ಅದನ್ನು ಫೋನಿನಲ್ಲಿ ಕೇಳಿಯೇ ಮನಸೋತಿದ್ದ.

"ಈ ಸೌಂಡ್ ಹೊಸಾದ್ರಲ್ಲಿ ಬರಲ್ಲ ಗೌರೀಶ್. ಸೋಮವಾರ ಗಿಟಾರ್ ತಗೊಂಡು ಬಂದ್ಬಿಡಿ, ಕೆಲಸ ನಿಮ್ದೇ. ಬರೀ ಕೈಯಲ್ಲಿ ಬರೋರು ನನಗೆ ಬೇಕಾದಷ್ಟು ಜನ ಇದಾರೆ."

ಮೈಸೂರಿಗೇ ಹೋಗಿ ನೆಲೆಸಲು ಉಷಾರಾಣಿ ಒಪ್ಪಿದಳು. "ನಾನೂ ಬತ್ತೀನಿ. ಆದ್ರೆ ಅಪ್ಪಾಜಿಗೆ ನೀವೇ ಏಳ್ಬೇಕು ಕಣ್ರೀ," ಅಂದಳು.

ಭಾನುವಾರ ಊಟಕ್ಕೆ ಕೂತಾಗ ಗೌರೀಶ ಧೈರ್ಯ ಮಾಡಿ ಬಾಯಿ ತೆರೆದ. ಅಷ್ಟರಲ್ಲಿ ಚನ್ನಬಸವಣ್ಣ ಅಳಿಯನ ಮುದ್ದೆಗೆ ತಾನೇ ತುಪ್ಪ ಬಡಿಸಲು ಬಗ್ಗಿದ.

"ಮಾವ, ನಾಳೆ ಮೈಸೂರಿಗೆ ಹೋಗ್ಬೇಕು. ಅದೇ... ಗಿಟಾರು ಮಳೆಗೆ ಥಂಡಿ ಹಿಡಿದಿದೆ. ರಿಪೇರಿ ಮಾಡಿಸ್ಬೇಕು."

ಉಷಾರಾಣಿ ಗಂಡನ ಮುಖವನ್ನೊಮ್ಮೆ ನೋಡಿ, ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಹೋಗುತ್ತೇವೆ ಅನ್ನುವ ಒಂದು ಮಾತು ಈ ಗಂಡಸಿನ ಬಾಯಿಂದ ಹೊರಡಲಿಲ್ಲ!

ಜಡಿಮಳೆಯ ತಿಂಗಳಲ್ಲಿ ಆ ಸೀಮೆಯಲ್ಲಿ ಏನೇ ನೆನೆಯಲಿ, ಮದ್ದು ಒಂದೇ, ಬ್ಯಾರನ್. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ನೇತುಹಾಕಿ, ಸೌದೆ ಉರಿಸಿ, ಕೊಳವೆಯ ಕಾವಿನಲ್ಲಿ ಬೇಯಿಸುವ ಎತ್ತರದ ಕೋಣೆ ಅದು. ಕೂಸಿನ ಬಟ್ಟೆ, ಮೆಣಸಿನಕಾಯಿ, ಸ್ಕೂಲಿನ ಷೂ, ಎಲ್ಲವೂ ಒಣಗಲು ಅಲ್ಲಿಗೇ ಹೋಗುತ್ತವೆ.

ಸೋಮವಾರ ಬೆಳಗ್ಗೆ ಬ್ಯಾಗು ಸಿದ್ಧವಾಗಿತ್ತು. ಗೌರೀಶ ಮಂಚದ ಕೆಳಗಿನಿಂದ ಗಿಟಾರಿನ ಪೆಟ್ಟಿಗೆ ಎಳೆದ. ಹಗುರಾಗಿತ್ತು. ತೆರೆದರೆ ಖಾಲಿ. ಬರಿಗಾಲಲ್ಲೇ ಹಿತ್ತಲಿಗೆ ಓಡಿದ.

ಚನ್ನಬಸವಣ್ಣ ಬ್ಯಾರನ್ನಿನ ಬಾಗಿಲು ತೆಗೆಯುತ್ತಿದ್ದವನು ಅಳಿಯನನ್ನು ಕಂಡು ಮುಖ ಅರಳಿಸಿದ. "ರಿಪೇರಿ ಅಂತ ಮೈಸೂರ್ಗಂಟ ಯಾಕೆ ಓಗ್ಬೇಕು ಅಳಿಯಂದ್ರೆ? ನೆನ್ನೆ ಸಂಜೇಲೇ ಒಳಗಾಕ್ದೆ. ಸೊಪ್ಪಿನ ದಂಟೇ ಒಣಗೋ ಕಾವು, ಒಂದ್ ಚೂರೂ ಥಂಡಿ ಉಳ್ದಿರಾಕಿಲ್ಲ."

ಸೊಪ್ಪಿನ ಸಾಲುಗಳ ನಡುವೆ ಗಿಟಾರು ನೇತಾಡುತ್ತಿತ್ತು. ಸೆಣಬಿನ ದಾರ ಕುತ್ತಿಗೆಗೆ ಗೀರದಿರಲಿ ಅಂತ ಚನ್ನಬಸವಣ್ಣ ತನ್ನ ಹೆಗಲ ಮೇಲಿನ ಹೊಸ ವಸ್ತ್ರವನ್ನೇ ಸುತ್ತಿದ್ದ. ಸರೇಸು ಕರಗಿ ಹಿಂಬದಿಯ ಹಲಗೆ ಬಾಯಿಬಿಟ್ಟಿತ್ತು. ವಾರ್ನಿಷ್ ಬೊಬ್ಬೆಯೆದ್ದಿತ್ತು. ಕುತ್ತಿಗೆ ಮುಂದಕ್ಕೆ ಬಾಗಿತ್ತು. ಗೌರೀಶ ಒಂದು ತಂತಿ ಮುಟ್ಟಿದ. ಅದು ಗೊರಗೊರ ಅಂದು ಸುಮ್ಮನಾಯಿತು.

"ಒಣಗೈತಾ?" ಕೇಳಿದ ಮಾವ. ಸೌದೆ ತುಂಬಿ ತುಂಬಿ ಅವನ ಕಣ್ಣು ಕೆಂಪಗಾಗಿತ್ತು.

ಕೂಗಬೇಕು ಅನ್ನಿಸಿತು. ಆ ಮುಖ ನೋಡಿಕೊಂಡು ಯಾರ ಮೇಲೆ ಕೂಗುವುದು? ಥಂಡಿ ಹಿಡಿದಿದೆ ಅಂತ ಸುಳ್ಳು ಹೇಳಿದವನು ತಾನೇ ಅಲ್ಲವೇ.

"ಒಣಗಿದೆ ಮಾವ."

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಶರತ್. "ಹೊರಟ್ರಾ ಗೌರೀಶ್? ಎಲ್ಲಿದೀರಾ?"

ಮಾವ ಪಕ್ಕದಲ್ಲೇ ನಿಂತಿದ್ದ. "ಇಲ್ಲ ಶರತ್. ರಿಪೇರಿ ಮನೇಲೇ ಆಯ್ತು. ಇನ್ನು ಬರೋ ಹಾಗಿಲ್ಲ."

"ಯಾವ ರಿಪೇರಿ? ಏನ್ರೀ ಹೇಳ್ತಿದೀರಾ?"

ಗೌರೀಶ ಫೋನು ಕಟ್ ಮಾಡಿದ.

ಚನ್ನಬಸವಣ್ಣ ದೊಡ್ಡದಾಗಿ ಉಸಿರು ಬಿಟ್ಟ. "ಸದ್ಯ! ಮಗಳು ಬ್ಯಾಗ್ ತುಂಬೋದ್ ಕಂಡು ನೆನ್ನೆಯಿಂದ ನಂಗೆ ಎದೆ ಒಡ್ಕತಿತ್ತು ಕಣ್ರೀ. ಎಲ್ಲಿ ನನ್ನ ಬುಟ್ಟು ಒಂಟೋಯ್ತಾರೋ ಅಂತ."

"ನಾನೆಲ್ಲಿಗೆ ಹೋಗ್ಲಿ ಮಾವ?" ಅಂದ ಗೌರೀಶ.

ಆ ಎರಡು ದಿನದಲ್ಲಿ ಅವನು ಮಾವನಿಗೆ ಹೇಳಿದ ನಿಜ ಅದೊಂದೇ.