ಬುಧವಾರ ಹೋಗೋಣ

2014ರ ನವೆಂಬರ್ 9, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಅವರು ಬ್ಲೇಡು ಹಿಡಿದು ಪುಸ್ತಕವೊಂದರ ರಟ್ಟನ್ನು ಬಿಡಿಸುತ್ತಿದ್ದರು. ರಟ್ಟಿನ ಮೇಲೆ ಪ್ಲಾಸ್ಟಿಕ್ ಪೊರೆ ಅಂಟಿಸಿತ್ತು. ಪ್ಲಾಸ್ಟಿಕ್ ಇರುವ ಯಾವ ವಸ್ತುವನ್ನೂ ಪೆಟ್ಟಿಗೆಯೊಳಗೆ ಇಡಬಾರದೆಂದು ವಿದ್ಯುತ್ ಚಿತಾಗಾರದವರು ಫೋನಿನಲ್ಲಿ ಹೇಳಿದ್ದರು. ಆ ಪೆಟ್ಟಿಗೆ ನಡುಮನೆಯಲ್ಲಿತ್ತು. ಅದರಲ್ಲಿ ಅವರ ಹೆಂಡತಿ ಮಲಗಿದ್ದಳು.

"ಅಪ್ಪಾ, ಕೈ ಕುಯ್ಕೋತೀರಿ. ಇಲ್ಲಿ ಕೊಡಿ," ಎಂದಳು ಮಗಳು.

"ಇಷ್ಟು ವರ್ಷ ಕುಯ್ಕೊಂಡಿಲ್ಲ. ಈಗೇನು?"

"ಆ ಪುಸ್ತಕ ಯಾಕೆ ಈಗ?"

"ಹೊಸ ಆವೃತ್ತಿ ಇದು. ಈ ವರ್ಷದ್ದು."

ಅಷ್ಟು ಹೇಳಿದರೆ ಎಲ್ಲ ಹೇಳಿದ ಹಾಗಾಯಿತು ಎಂಬಂತೆ ಅವರು ಮತ್ತೆ ಬ್ಲೇಡಿನ ಕಡೆ ತಿರುಗಿದರು. ಆಸ್ಪತ್ರೆಯ ಎದುರಿಗೆ ಅವರದು ಔಷಧಿ ಅಂಗಡಿ. ಅವಧಿ ಮುಗಿದ ಮಾತ್ರೆ ಹೋಗಲಿ, ಮುಗಿಯುವುದಕ್ಕೆ ತಿಂಗಳಿದ್ದದ್ದನ್ನೂ ಅವರು ಗಿರಾಕಿಗೆ ಕೊಟ್ಟವರಲ್ಲ. ಬೀದಿಯವರು ಅವರಿಗೆ ಇಟ್ಟ ಹೆಸರು ಡೇಟ್ ಸಾಹೇಬರು. ಅಂಗಡಿಯ ನಿಯಮವನ್ನು ಅವರು ಮನೆಗೂ ತಂದಿದ್ದರು. ಪುಸ್ತಕವಾದರೂ ಅಷ್ಟೆ, ಮೊದಲು ನೋಡುತ್ತಿದ್ದದ್ದು ಅಚ್ಚಾದ ವರ್ಷವನ್ನು.

*

ಮಗಳ ಮದುವೆಯಾದ ವರ್ಷದ ಮಾತು. ಪ್ರತಿ ವರ್ಷ ಚಳಿ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಅವರು ಅಂಗಡಿಯ ಬಾಗಿಲು ಹಾಕುತ್ತಿದ್ದರು. ವರ್ಷಕ್ಕೆ ಅವರು ತೆಗೆದುಕೊಳ್ಳುತ್ತಿದ್ದ ರಜೆ ಅದೊಂದೇ. ಅವತ್ತು ಇಬ್ಬರೂ ಪುಸ್ತಕದಂಗಡಿಗೆ ಹೋಗಿ ಹಳೇ ಊರಿನ ಪ್ರವಾಸ ಮಾರ್ಗದರ್ಶಿಯನ್ನು ಆರಿಸುವುದು ಪದ್ಧತಿ. ಹಳೇ ಊರು ಎಂದರೆ ಕೋಟೆ, ಗಡಿಯಾರದ ಗೋಪುರ, ನಡೆದು ನಡೆದು ನುಣುಪಾದ ಕಲ್ಲಿನ ಬೀದಿಗಳು. ಮದುವೆಯಾದ ಹೊಸದರಲ್ಲಿ ಹೆಂಡತಿ ನೋಡಬೇಕೆಂದು ಕೇಳಿದ್ದ ಊರು.

ಆ ವರ್ಷ ಪುಸ್ತಕದಂಗಡಿಯ ಮೇಜಿನ ಮೇಲೆ ಎರಡು ಪುಸ್ತಕಗಳಿದ್ದವು. ಒಂದು ಇಟ್ಟಿಗೆಯಷ್ಟು ದಪ್ಪ, ರಾಜರ ವಂಶಾವಳಿಯಿಂದ ಶುರು. ಇನ್ನೊಂದು ತೆಳ್ಳಗೆ, ಮಡಚಿದ ನಕ್ಷೆ ಸಮೇತ.

"ಇದರಲ್ಲಿ ಮ್ಯೂಸಿಯಂಗೆ ಸೋಮವಾರ ರಜ ಅಂತಿದೆ. ಅದರಲ್ಲಿ ಮಂಗಳವಾರ," ಎಂದರು ಅವರು. "ಎರಡರಲ್ಲಿ ಒಂದು ಸುಳ್ಳು. ಯಾವುದನ್ನ ನಂಬೋದು?"

ಆಕೆ ಅಂಗಡಿಯವರು ತರಿಸಿದ್ದ ಚಹಾ ಊದಿಕೊಂಡು ಕುಡಿಯುತ್ತಿದ್ದಳು. "ಬುಧವಾರ ಹೋಗೋಣ," ಎಂದಳು.

ಪುಸ್ತಕದಂಗಡಿಯವರು ಏಣಿಯ ಮೇಲಿಂದಲೇ ನಕ್ಕರು. ಡೇಟ್ ಸಾಹೇಬರು ನಗಲಿಲ್ಲ. "ತಮಾಷೆ ಅಲ್ಲ. ಎರಡೂ ಮೂರು ವರ್ಷ ಹಳೇವು. ಬಸ್ ಟೈಮು, ಲಾಡ್ಜು ಎಲ್ಲ ಬದಲಾಗಿರತ್ತೆ."

"ಊರೇ ಆರುನೂರು ವರ್ಷ ಹಳೇದು ರೀ. ಪುಸ್ತಕ ಮೂರು ವರ್ಷ ಹಳೇದಾದ್ರೆ ಏನು ಮುಳುಗಿ ಹೋಯ್ತು? ಬೆಳಿಗ್ಗೆ ಹೋಗಿ ಸಂಜೆ ಬಂದ್ರಾಯ್ತು."

"ಅರ್ಧ ನೋಡಿ ಬರೋದು ಅಂದ್ರೆ ಮಾತ್ರೆ ಕೋರ್ಸು ಅರ್ಧಕ್ಕೆ ಬಿಟ್ಟ ಹಾಗೆ. ಮೂರು ದಿನ ಇದ್ದು ಸರಿಯಾಗಿ ನೋಡಬೇಕು. ಮುಂದಿನ ವರ್ಷ ಹೊಸ ಆವೃತ್ತಿ ಬರತ್ತಂತೆ."

"ಆಗಲಿ," ಎಂದು ಆಕೆ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಅವರ ಬಟ್ಟಲಿನಲ್ಲಿ ಉಳಿದಿದ್ದ ಚಹಾವನ್ನೂ ಕುಡಿದಳು. "ಇನ್ನೊಂದ್ಸಲ ಓದಿ, ಆ ಗಡಿಯಾರದ ಗೋಪುರದ್ದು. ನೀವು ಓದಿದ್ರೆ ಬಿಲ್ ಓದಿದ ಹಾಗಿರತ್ತೆ, ಆದ್ರೂ ಓದಿ."

ಅವರು ಓದಿದರು. ಕತ್ತಲಾಗುವವರೆಗೆ ಇಬ್ಬರೂ ಅಲ್ಲೇ ಕುಳಿತಿದ್ದರು.

*

ಒಂಬತ್ತರ ಹೊತ್ತಿಗೆ ಮನೆ ತುಂಬಿತು. ಆಕೆ ನಿವೃತ್ತಿಯಾಗುವವರೆಗೂ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಕೂತವಳು. ಬಂದವರಲ್ಲಿ ಕೆಲವರು ಆಕೆಯ ಮುಖ ನೋಡಿದ್ದು ಅದೇ ಮೊದಲು.

"'ತಡೀರಿ, ಲೈನ್ ಕೊಡ್ತೀನಿ' ಅಂತಿದ್ರು," ಎಂದ ಆಂಬುಲೆನ್ಸ್ ಚಾಲಕ, ಪೆಟ್ಟಿಗೆಯ ಬಳಿ ನಿಂತು. "ಎಂಥ ಗಲಾಟೆಯಲ್ಲೂ ಆ ಒಂದು ಮಾತು ಕೇಳಿದ್ರೆ ಎದೆ ತಣ್ಣಗಾಗ್ತಿತ್ತು. ದೊಡ್ಡ ಆಳು ಅಂದ್ಕೊಂಡಿದ್ದೆ. ಇಷ್ಟೇ ಇಷ್ಟು ಇದಾರೆ."

"ಆಳು ಇಷ್ಟೇ. ಗಂಟಲು ಕೇಳಬೇಕಿತ್ತು," ಎಂದ ಪಕ್ಕದ ಮನೆಯ ದರ್ಜಿ. "ನನ್ನ ಮಿಷಿನ್ ಸದ್ದು ಜಾಸ್ತಿ ಆದ್ರೆ ಗೋಡೆಯಾಚೆಯಿಂದ ಬೈಗುಳ. ನಿನ್ನೆಯೆಲ್ಲ ಮಿಷಿನ್ ತುಳಿದೆ. ಯಾರೂ ಬೈಲಿಲ್ಲ."

ಯಾರೋ ನಗಲು ಹೋಗಿ ನಿಲ್ಲಿಸಿದರು.

ಪುಸ್ತಕದಂಗಡಿಯವರೂ ಬಂದಿದ್ದರು. ಹೊರಡುವಾಗ ಡೇಟ್ ಸಾಹೇಬರ ಕೈ ಹಿಡಿದು, "ಎರಡು ವರ್ಷದಿಂದ ಅಮ್ಮ ನಮ್ಮ ಕಡೆ ಬರಲೇ ಇಲ್ಲ ಸಾರ್," ಎಂದಷ್ಟೇ ಹೇಳಿ ಹೋದರು.

ಅವರು ಪೆಟ್ಟಿಗೆಯ ಪಕ್ಕ ಮಂಡಿಯೂರಿ, ರಟ್ಟಿಲ್ಲದ ಪುಸ್ತಕವನ್ನು ಹೆಂಡತಿಯ ಅಂಗೈಯ ಕೆಳಗೆ ಇಡಲು ನೋಡಿದರು. ಬೆರಳುಗಳು ಸೆಟೆದಿದ್ದವು. ಮೆಲ್ಲಗೆ ಎತ್ತಿದರು. ಮಣಿಯಲಿಲ್ಲ. ಮತ್ತೆ ಎತ್ತಿದರು.

"ಬಿಡಿ ಭಾವ," ಎಂದಳು ನಾದಿನಿ. ಹೆಂಡತಿಯ ಒಬ್ಬಳೇ ತಂಗಿ.

"ಅವಳು ಕೇಳಿದ್ದು ಇದೊಂದನ್ನೇ. ಒಡವೆ ಕೇಳಲಿಲ್ಲ, ದೊಡ್ಡ ಮನೆ ಕೇಳಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಅಂತ ನಾನೇ ಮುಂದಕ್ಕೆ ಹಾಕಿದೆ. ನೋಡದೇ ಹೋಗಿಬಿಟ್ಲು. ಇದನ್ನಾದ್ರೂ…"

ನಾದಿನಿ ಸುತ್ತ ನೋಡಿದಳು. ಅವರ ತೋಳು ಹಿಡಿದು ಎಬ್ಬಿಸಿ ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ನೋಡಿದ್ಲು ಭಾವ."

"ಏನು?"

"ಹಳೇ ಊರು. ನಿಮ್ಮ ಮಗಳ ಮದುವೆಗೆ ಹಿಂದಿನ ವರ್ಷ ನನ್ನ ಕಣ್ಣಿನ ಆಪರೇಷನ್ ಆಯ್ತಲ್ಲ, ಅಕ್ಕ ನೋಡ್ಕೊಳ್ಳೋಕೆ ಅಂತ ಬಂದಿದ್ಲಲ್ಲ. ಕಟ್ಟು ಬಿಚ್ಚಿದ ಮಾರನೇ ದಿನ ಬಾರೇ ಅಂತ ಬಸ್ ಹತ್ತಿಸಿದ್ಲು. ನಾನು ಕಪ್ಪು ಕನ್ನಡಕ ಹಾಕ್ಕೊಂಡು, ಅವಳು ನನ್ನ ಕೈ ಹಿಡ್ಕೊಂಡು. ಯಾವ ಪುಸ್ತಕವೂ ಇರಲಿಲ್ಲ. ಸಿಕ್ಕಸಿಕ್ಕವರನ್ನ ಕೇಳ್ಕೊಂಡು ಅಲೆದ್ವಿ. ಸಂಜೆಗೆ ವಾಪಸ್ಸು."

ಅವರು ಮೇಜಿನ ಅಂಚು ಹಿಡಿದುಕೊಂಡರು. "ಗೋಪುರ?"

"ಹತ್ತಿದ್ವಿ. ಗಡಿಯಾರ ಹತ್ತು ನಿಮಿಷ ಹಿಂದಿತ್ತು. 'ನಿಮ್ಮ ಭಾವ ಇದ್ದಿದ್ರೆ ಇಲ್ಲಿಂದಲೇ ಕಂಪ್ಲೇಂಟ್ ಬರೀತಿದ್ರು' ಅಂದ್ಲು. ಮ್ಯೂಸಿಯಂ ಮಾತ್ರ ಮುಚ್ಚಿತ್ತು. ಬೀಗ ನೋಡ್ಕೊಂಡು ನಕ್ಕಿದ್ದೇ ನಕ್ಕಿದ್ದು."

"ಅವತ್ತು ಯಾವ ವಾರ?"

"ಮಂಗಳವಾರ."

ರಜೆ ಮಂಗಳವಾರವೆಂದು ಗೊತ್ತಿದ್ದೂ ಆಕೆ ಅದರ ಮುಂದಿನ ವರ್ಷ ಪುಸ್ತಕದಂಗಡಿಯ ಮೇಜಿನ ಎದುರು ಕುಳಿತು, ಸೋಮವಾರವೋ ಮಂಗಳವಾರವೋ ಎಂದು ಅವರು ಹೆಣಗಾಡುವುದನ್ನು ನೋಡಿ, ಬುಧವಾರ ಹೋಗೋಣ ಎಂದಿದ್ದಳು.

"ನನಗೆ ಯಾಕೆ ಹೇಳಲಿಲ್ಲ?"

"ನಾನೂ ಕೇಳಿದೆ. 'ಹೇಳಿದ್ರೆ ಅವರು ಪುಸ್ತಕ ಆರಿಸೋಕೆ ಬರಲ್ಲ ಕಣೇ' ಅಂದ್ಲು." ನಾದಿನಿ ಅಂಗೈಯಿಂದ ಮುಖ ಒರೆಸಿಕೊಂಡಳು. "ವರ್ಷಕ್ಕೆ ಒಂದು ಮಧ್ಯಾಹ್ನ ಭಾವ. ಅವಳಿಗೆ ಅಷ್ಟೇ ಬೇಕಿತ್ತು."

*

ಎರಡು ವರ್ಷದ ಹಿಂದೆ ಆಕೆಯ ಮಂಡಿಗೆ ನೋವು ಬಂದಿತ್ತು. ಪುಸ್ತಕದಂಗಡಿಗೆ ಹದಿನಾರು ಮೆಟ್ಟಿಲು ಹತ್ತಬೇಕು. ಅವಳಿಗೇಕೆ ತೊಂದರೆ ಎಂದುಕೊಂಡು ಅವರು ಫೋನ್ ಮಾಡಿ, ಹೊಸ ಆವೃತ್ತಿ ಬಂದ ಕೂಡಲೇ ಮನೆಗೆ ಕಳಿಸಿ ಎಂದು ಹೇಳಿಟ್ಟರು. ಅದರಿಂದ ತಮ್ಮ ಅಂಗಡಿ ಮುಚ್ಚುವುದೂ ತಪ್ಪಿತು. ಒಳ್ಳೆಯ ಉಪಾಯ ಮಾಡಿದೆನೆಂದು ಅವರಿಗೆ ಹೆಮ್ಮೆಯೇ ಆಗಿತ್ತು.

ಪಾರ್ಸೆಲ್ ಬಂದ ದಿನ ರಾತ್ರಿ ಊಟಕ್ಕೆ ಕೂತಾಗ, "ಪುಸ್ತಕ ನೋಡಿದ್ಯಾ?" ಎಂದು ಕೇಳಿದರು.

"ನೋಡಿದೆ. ಚೆನ್ನಾಗಿದೆ."

"ಮೆಟ್ಟಿಲು ಹತ್ತೋದು ತಪ್ತು ನೋಡು."

"ಹೂಂ. ತಪ್ತು," ಎಂದಳು ಆಕೆ.

*

ಹತ್ತು ಗಂಟೆಗೆ ಮುಚ್ಚಳ ಹಾಕಿದರು. ಪುಸ್ತಕ ಒಳಗೆ ಹೋಗಲಿಲ್ಲ. ವಾಹನದಲ್ಲಿ ಅವರು ಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಕುಳಿತರು. ಮಗಳು, ನಾದಿನಿ ಹಿಂದಿನ ಕಾರಿನಲ್ಲಿದ್ದರು. ಊರು ಮುಗಿಯುವಲ್ಲಿ ರಸ್ತೆ ಎರಡಾಗುತ್ತದೆ. ಅಲ್ಲಿ ಕೆಂಪು ದೀಪವಿತ್ತು.

"ಬಲಗಡೆದು ಯಾವ ರಸ್ತೆ?" ಎಂದು ಕೇಳಿದರು.

"ಅದು ಹಳೇ ಊರಿಗೆ ಸಾರ್. ಈಗ ಚೆನ್ನಾಗಿ ಮಾಡಿದಾರೆ. ಒಂದೂಕಾಲು ಗಂಟೆ ಅಷ್ಟೆ," ಎಂದ ಚಾಲಕ. "ನಾವು ಎಡಕ್ಕೆ."

ಅವರು ಒಂದು ಕೈಯನ್ನು ಮುಚ್ಚಳದ ಮೇಲಿಟ್ಟರು.

ದೀಪ ಹಸಿರಾಯಿತು.

"ಒಂದು ನಿಮಿಷ ಇರಪ್ಪ," ಎಂದರು.

ಚಾಲಕ ಕಾದ. ಹಿಂದಿನಿಂದ ಒಂದು ಹಾರ್ನ್, ಆಮೇಲೆ ಇನ್ನೊಂದು. ಅವರು ಮುಂದಿನ ಗಾಜಿನಾಚೆ ಕಂಬದ ಮೇಲಿನ ಫಲಕವನ್ನು ನೋಡುತ್ತಿದ್ದರು. ಅದರಲ್ಲಿ ಬಲಕ್ಕೊಂದು ಬಾಣ, ಊರಿನ ಹೆಸರು, ಅದರ ಮುಂದೆ ದೂರ: 68 ಕಿಲೋಮೀಟರ್.